ಕೆಂಪುಕಲ್ಲಿನ ಕೋರೆ, ಗುಡ್ಡದ ಗುಹೆ: ಪುತ್ತೂರು, ಸುಳ್ಯ, ಕಡಬದವರು ಈಗಲೇ ಯೋಚಿಸಬೇಕಾದ ವಿಷಯ

2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲಿನ ವಿಷಯ ಎಷ್ಟು ಬಿಸಿಯಾಗಿತ್ತು ಎಂಬುದು ಮನೆ ಕಟ್ಟಿಸಲು ಹೊರಟಿದ್ದ ಎಲ್ಲರಿಗೂ ನೆನಪಿದೆ. ಪರವಾನಗಿ ಇಲ್ಲದ ಕೋರೆಗಳ ಮೇಲೆ ಕ್ರಮ ಬಿಗಿಯಾಯಿತು. ಕಲ್ಲು ಸಿಗದಾಯಿತು, ಸಿಕ್ಕಿದ್ದಕ್ಕೆ ದರ ಏರಿತು, ಮೇಸ್ತ್ರಿಗಳೂ ಲಾರಿಯವರೂ ಕೆಲಸವಿಲ್ಲದೆ ಕುಳಿತರು, ಪ್ರತಿಭಟನೆಗಳಾದವು, ಕೊನೆಗೆ ಸರ್ಕಾರ ನಿಯಮ ಸಡಿಲಿಸುವ ಮಾತಾಡಿತು. ಕಟ್ಟಡ ಸಾಮಗ್ರಿ ಮಾರುವ ನನಗೆ ಕೋರೆ ನಡೆಯಲೇಬೇಕು, ಇದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಅಷ್ಟೂ ತಿಂಗಳ ಚರ್ಚೆಯಲ್ಲಿ ರಾಜಧನ, ಪರ್ಮಿಟ್, ದಂಡ ಇವುಗಳ ಮಾತು ಬಂತೇ ಹೊರತು, ಕಲ್ಲು ಕಡಿಯುವ ಗುಡ್ಡದೊಳಗೆ ಏನಿದೆ ಎಂದು ಕೇಳಿದವರು ಕಡಿಮೆ. ಸಮಾಜ ಬಾಂಧವರ ಮುಂದೆ ಆ ಪ್ರಶ್ನೆಯನ್ನು ಇಡಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಆಂಧ್ರದ ಬೇಲಂ ಗುಹೆಗಳಿಗೆ ಯಾತ್ರೆಯ ದಾರಿಯಲ್ಲಿ ಹೋಗಿಬಂದ ನಮ್ಮವರು "ಇಂಥದ್ದು ನಮ್ಮ ಕಡೆ ಇಲ್ಲವೇ" ಎಂದು ಕೇಳುವುದುಂಟು. ಬೇಲಂ ಸುಣ್ಣಕಲ್ಲಿನ ಗುಹೆ, ಉದ್ದ 3,229 ಮೀಟರ್. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದನ್ನು ದಾಖಲಿಸಿದರು, 1982ರಿಂದ 84ರವರೆಗೆ ಜರ್ಮನಿಯ ತಂಡವೊಂದು ಒಳಹೊಕ್ಕು ಅಳತೆ ಮಾಡಿತು. ಜೈನ, ಬೌದ್ಧ ಮುನಿಗಳು ಅಲ್ಲಿ ವಾಸವಿದ್ದರೆಂದು ಹೇಳುತ್ತಾರೆ. ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆ ಸುಣ್ಣಕಲ್ಲಿನ ಸೀಮೆಯಲ್ಲ. ಹಿಂದಿನವರು ವೀಳ್ಯಕ್ಕೂ ಗೋಡೆಗೂ ಬಳಸಿದ ಸುಣ್ಣ ಕಡಲ ಕಡೆಯಿಂದ ಬಂದ ಚಿಪ್ಪನ್ನು ಸುಟ್ಟು ಮಾಡಿದ್ದು. ಶಿರಾಡಿ ಘಾಟಿಯಲ್ಲಿ ಕೆಂಪುಹೊಳೆಯ ಬದಿಯಲ್ಲಿ ಹೋಗುವಾಗ ಕಾಣುವುದು ಕಗ್ಗಲ್ಲು, ಅದರ ಬಂಡೆಗಳ ಸಂದಿನಲ್ಲಿ ನಾಲ್ಕಾರು ಜನ ಮಳೆಗೆ ನಿಲ್ಲುವಷ್ಟು ಜಾಗಗಳಿವೆ. ಘಟ್ಟದಿಂದ ಇಳಿದರೆ ನಮ್ಮದೆಲ್ಲ ಮುರಕಲ್ಲು.

ಈ ಮುರಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವರು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂನಲ್ಲಿ ಇದನ್ನು ನೋಡಿ, 1807ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ವರ್ಣಿಸಿದರು. ನೆಲದೊಳಗಿರುವಾಗ ಮೆತ್ತಗೆ, ಗಾಳಿಗೆ ಬಂದ ಮೇಲೆ ಗಟ್ಟಿ, ಇದು ನಮ್ಮ ಕಲ್ಲು ಕಡಿಯುವವರಿಗೆಲ್ಲ ಗೊತ್ತಿರುವ ಗುಣ. (ಅದೇ ಪ್ರವಾಸದಲ್ಲಿ ಅವರು ಮೂಡುಬಿದಿರೆ, ಕಾರ್ಕಳಕ್ಕೂ ಬಂದು ಅಲ್ಲಿನ ಜೈನರ ಬಗ್ಗೆ ಬರೆದಿದ್ದಾರೆ.) ಸುಣ್ಣಕಲ್ಲು ಮಳೆನೀರಿನಲ್ಲಿ ಕರಗಿ ಗುಹೆಯಾಗುತ್ತದೆ. ಮುರಕಲ್ಲಿನಲ್ಲಿ ಆಗುವುದು ಬೇರೆ. ಮೇಲೆ ಗಟ್ಟಿ ಪದರ, ಕೆಳಗೆ ಜೇಡಿಮಣ್ಣು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ ಬಿರುಕಿನಲ್ಲಿ ಇಳಿದು ಜೇಡಿಯನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದು ಒಯ್ಯುತ್ತದೆ, ಗುಡ್ಡದೊಳಗೆ ಕೊಳವೆಯಂಥ ದಾರಿಯಾಗುತ್ತದೆ, ಅದು ದೊಡ್ಡದಾದರೆ ಗುಹೆ. ಮಂಗಳೂರು ಬಳಿಯ ನೆಲ್ಲಿತೀರ್ಥ ಮುರಕಲ್ಲಿನ ಗುಹೆಯೇ. ದೇವರಿರುವುದರಿಂದ ಅದು ಉಳಿದಿದೆ. ಹೆಸರಿಲ್ಲದ ಗುಹೆಗೆ ಆ ಭಾಗ್ಯವಿಲ್ಲ.

ಇದು ಬರೀ ಹಳೆಯ ವಸ್ತುಗಳ ಮೇಲಿನ ಪ್ರೀತಿಯ ಮಾತೆಂದು ಯಾರೂ ತಳ್ಳಿಹಾಕಬಾರದು. ಗುಡ್ಡದೊಳಗಿನ ಇಂಥ ನೀರಿನ ದಾರಿಗಳಿಂದ ನೆಲ ಕುಸಿಯುವುದನ್ನು ಪಕ್ಕದ ಕೇರಳದಲ್ಲಿ ಭೂವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ರಸ್ತೆಗಾಗಿ ಗುಡ್ಡದ ಬುಡವನ್ನು ನೇರವಾಗಿ ಕಡಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾದ ಶಿರೂರು ತೋರಿಸಿತು. 2018ರ ಆಗಸ್ಟಿನಲ್ಲಿ ಸಂಪಾಜೆ ಘಾಟಿಯ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದಾಗ ಸುಳ್ಯದವರು ಅದನ್ನು ಕಣ್ಣಾರೆ ಕಂಡಿದ್ದಾರೆ. ಎಲ್ಲದಕ್ಕೂ ಕಾರಣ ಒಂದೇ ಅಲ್ಲ. ಆದರೂ ಗುಡ್ಡದಲ್ಲಿ ಪೊಳ್ಳು ಎಲ್ಲಿದೆ ಎಂದು ತಿಳಿಯದೆ ಯಂತ್ರ ಇಳಿಸುವುದು ಯಾರಿಗೂ ಕ್ಷೇಮವಲ್ಲ.

ಇನ್ನು ಮನುಷ್ಯರು ಕೊರೆದ ಗುಹೆಗಳು. ತುಳುನಾಡಿನಲ್ಲಿ ಜನರು ಪಾಂಡವರ ಹೆಸರಿಟ್ಟು ಕರೆಯುವ ಎಷ್ಟೋ ಗುಹೆಗಳು ಬೃಹತ್ ಶಿಲಾಯುಗದ ಸಮಾಧಿಗಳು. ಮುರಕಲ್ಲನ್ನು ಮೇಲಿನಿಂದ ಕೊರೆದು ಒಳಗೆ ದುಂಡನೆಯ ಕೋಣೆ ಮಾಡಿ, ಮಡಕೆಗಳನ್ನಿಟ್ಟು ಮುಚ್ಚುತ್ತಿದ್ದರು. ಕಡಬ ತಾಲೂಕಿನ ರಾಮಕುಂಜದ ಕಡೆಯಿಂದಲೂ ಇಂಥ ಸಮಾಧಿಯನ್ನು ಪ್ರೊ. ಟಿ. ಮುರುಗೇಶಿ ವರದಿ ಮಾಡಿದ್ದಾರೆ. ಇಂಥವು ಹೊರಗೆ ಕಾಣುವುದಿಲ್ಲ. ಅಡಿಕೆ ತೋಟಕ್ಕೆಂದೋ ರಬ್ಬರಿಗೆಂದೋ ಗುಡ್ಡೆ ಸಮತಟ್ಟು ಮಾಡುವಾಗ ಜೆಸಿಬಿಯ ಬಾಯಿಗೆ ಸಿಕ್ಕಿ, ಒಡೆದ ಮೇಲೆಯೇ ಗೊತ್ತಾಗುವುದು.

ಇಲ್ಲಿ ನಮ್ಮ ಸಮಾಜಕ್ಕೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಗುಹೆ ಎಂದ ಕೂಡಲೇ ನಮಗೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಭದ್ರಬಾಹು ಗುಹೆ ನೆನಪಾಗುತ್ತದೆ, ಕೊಪಣ ತೀರ್ಥ ನೆನಪಾಗುತ್ತದೆ. ಸಹಜ. ಹಾಗೆಂದು ಕಂಡ ಗುಹೆಗೆಲ್ಲ "ಇಲ್ಲಿ ಮುನಿಗಳು ತಪಸ್ಸು ಮಾಡಿದ್ದರು" ಎಂದು ವಾಟ್ಸಾಪಿನಲ್ಲಿ ಬರೆದು ಹಂಚುವುದು ನಮಗೆ ಶೋಭೆಯಲ್ಲ. ಬೃಹತ್ ಶಿಲಾಯುಗದ ಸಮಾಧಿ ನಮ್ಮದೆನ್ನಲು ಆಧಾರವಿಲ್ಲ. ಸುಳ್ಳು ಹಕ್ಕು ಸಾಧಿಸಿದರೆ ನಾಳೆ ನಿಜವಾದ ನಿಸಿಧಿಗಲ್ಲು ಸಿಕ್ಕಾಗಲೂ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ. ಕೇರಳದ ಪೆರುಂಬಾವೂರು ಬಳಿಯ ಕಲ್ಲಿಲ್‌ನಲ್ಲಿ ದೊಡ್ಡ ಬಂಡೆಯ ಕೆಳಗೆ ತೀರ್ಥಂಕರರ ಶಿಲ್ಪಗಳಿವೆ, ಇಂದು ಅದು ಭಗವತಿಯ ಸನ್ನಿಧಿ. ಅಲ್ಲಿನ ಭಕ್ತರು ಪೂಜಿಸುತ್ತ ಬಂದದ್ದರಿಂದಲೇ ಆ ಜಾಗ ಇನ್ನೂ ಇದೆ. ಅವರ ಬಗ್ಗೆ ನಮಗೆ ಕೃತಜ್ಞತೆ ಇರಬೇಕು, ತಕರಾರು ಬೇಡ.

ಈ ದೃಷ್ಟಿಯಿಂದ ಮದುರೈ ಬಳಿಯ ಅರಿಟ್ಟಾಪಟ್ಟಿಯಲ್ಲಿ ನಡೆದದ್ದನ್ನು ಎಲ್ಲರೂ ತಿಳಿದಿರಬೇಕು. ಅಲ್ಲಿನ ಬೆಟ್ಟದ ಬಂಡೆಯಡಿಯಲ್ಲಿ ಜೈನ ಮುನಿಗಳ ಕಲ್ಲುಹಾಸಿಗೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯ ತಮಿಳು ಬ್ರಾಹ್ಮಿ ಶಾಸನಗಳಿವೆ, ತೀರ್ಥಂಕರರ ಉಬ್ಬುಶಿಲ್ಪವಿದೆ, ಪಾಂಡ್ಯರ ಕಾಲದ ಶಿವನ ಗುಹಾಲಯವೂ ಇದೆ. 2022ರ ನವೆಂಬರಿನಲ್ಲಿ ತಮಿಳುನಾಡು ಸರ್ಕಾರ ಅರಿಟ್ಟಾಪಟ್ಟಿ ಮತ್ತು ಮೀನಾಕ್ಷಿಪುರಂನ 193.42 ಹೆಕ್ಟೇರನ್ನು ಆ ರಾಜ್ಯದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಎರಡೇ ವರ್ಷದಲ್ಲಿ, 2024ರ ನವೆಂಬರಿನಲ್ಲಿ, ಅದೇ ಪ್ರದೇಶವೂ ಸೇರಿದ ಸುಮಾರು 2,015 ಹೆಕ್ಟೇರಿನ ಟಂಗ್‌ಸ್ಟನ್ ಬ್ಲಾಕ್ ಹರಾಜಾಗಿ ಹಿಂದೂಸ್ತಾನ್ ಜಿಂಕ್ ಸಂಸ್ಥೆಗೆ ಹೋಯಿತು. ಊರವರು ಎದ್ದು ನಿಂತರು. ಗ್ರಾಮಸಭೆಗಳಲ್ಲಿ ನಿರ್ಣಯಗಳಾದವು, ಡಿಸೆಂಬರ್ 9ರಂದು ವಿಧಾನಸಭೆ ನಿರ್ಣಯ ಕೈಗೊಂಡಿತು, ಜನವರಿಯಲ್ಲಿ ಸಾವಿರಾರು ರೈತರು ಮದುರೈಗೆ ನಡೆದರು. ಪಾರಂಪರಿಕ ತಾಣವನ್ನಷ್ಟೇ ಬಿಟ್ಟು ಉಳಿದದ್ದರಲ್ಲಿ ಗಣಿ ಮಾಡಬಹುದೇ ಎಂಬ ಆಲೋಚನೆಯನ್ನೂ ಅವರು ಒಪ್ಪಲಿಲ್ಲ. 2025ರ ಜನವರಿ 23ರಂದು ಕೇಂದ್ರ ಗಣಿ ಸಚಿವಾಲಯ ಹರಾಜನ್ನೇ ರದ್ದು ಮಾಡಿತು.

ಗಮನಿಸಿ, ಹೋರಾಡಿದವರಲ್ಲಿ ಬಹುಪಾಲು ಜೈನೇತರ ರೈತರು. ನಮ್ಮ ಮುನಿಗಳ ಕಲ್ಲುಹಾಸಿಗೆ ಉಳಿದದ್ದು ಅವರ ಕೆರೆ, ಗದ್ದೆ, ದೇವಸ್ಥಾನಗಳ ಜೊತೆಗೆ. ಜೈನರದ್ದು ಮಾತ್ರ ಎಂದು ಹೊರಟಿದ್ದರೆ ಆ ಬಲ ಬರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದೇ ದಾರಿ ನಮಗೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ 37ನೇ ವಿಧಿಯಂತೆ ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ ಇಂಥ ತಾಣ ಘೋಷಿಸಬಹುದು. ಸಾಗರ ತಾಲೂಕಿನ ಅಂಬಾರಗುಡ್ಡ ಈ ರೀತಿ ರಕ್ಷಣೆ ಪಡೆದಿದೆ. 2022ರ ಜನವರಿಯಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ ಹೊಸದಾಗಿ ಘೋಷಿಸಲು ತೀರ್ಮಾನಿಸಿದ ನಾಲ್ಕು ತಾಣಗಳಲ್ಲಿ ನಮ್ಮ ಕುಮಾರಧಾರಾ ಕಣಿವೆಯ ಉರುಂಬಿಯೂ ಒಂದು. ಪುರಾತತ್ತ್ವದ ಕಾನೂನುಗಳಿವೆ, ನಿಜ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಗುಹೆಗೆ ಈ ಮೀಟರುಗಳಿಂದ ಪ್ರಯೋಜನವಿಲ್ಲ. ಭೂಪಾರಂಪರ್ಯ ತಾಣಗಳಿಗೆಂದೇ 2022ರ ಡಿಸೆಂಬರಿನಲ್ಲಿ ಕೇಂದ್ರ ಒಂದು ಕರಡು ಮಸೂದೆ ಹೊರಡಿಸಿತ್ತು. ಅದರಲ್ಲಿ ಅಧಿಕಾರವೆಲ್ಲ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಕೈಗೆ ಹೋಗುತ್ತದೆಂಬ ಆಕ್ಷೇಪ ಬಂತು. ಅದಕ್ಕಾಗಿ ಕಾದು ಕುಳಿತುಕೊಳ್ಳುವುದು ಬೇಡ.

ಕೋರೆ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸಿಮೆಂಟ್ ಬ್ಲಾಕಿನ ಗೋಡೆಗಿಂತ ಮುರಕಲ್ಲಿನ ಗೋಡೆ ನಮ್ಮ ಸೆಖೆಗೂ ಮಳೆಗೂ ಒಳ್ಳೆಯದು, ಕಲ್ಲು ಕಡಿದು ಬದುಕುವ ಸಂಸಾರಗಳಿವೆ. ಪರವಾನಗಿ ಕೊಡುವ ಮೊದಲು ಒಂದು ದಿನ ಜಾಗ ನೋಡಿ, ಗುಹೆ, ಸುರಂಗ, ಹಳೆಯ ಮಡಕೆಯ ಚೂರು, ಶಾಸನ ಇದೆಯೇ ಎಂದು ಬರೆದುಕೊಂಡರೆ ಯಾರ ಗಂಟೂ ಹೋಗುವುದಿಲ್ಲ. ಗುಹೆಯೊಳಗಿನ ಬಾವಲಿ, ಹಾವು, ಹುಳುಗಳ ವಿಷಯವನ್ನು ಅಹಿಂಸೆಯ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಮ್ಮವರಲ್ಲಿ ತೋಟ, ಗುಡ್ಡೆ ಇರುವ ಮನೆತನಗಳು ಮೂರೂ ತಾಲೂಕುಗಳಲ್ಲಿವೆ. ನಿಮ್ಮ ಜಾಗದಲ್ಲಿ ಅಥವಾ ನೆರೆಯಲ್ಲಿ ಗುಹೆ ಇದ್ದರೆ ಹೊರಗಿನಿಂದ ಫೋಟೋ ತೆಗೆಯಿರಿ, ಸರ್ವೆ ನಂಬರ್ ಬರೆದಿಡಿ. ಒಳಗೆ ಇಳಿಯಬೇಡಿ, ಅಗೆಯಬೇಡಿ, ಸಿಕ್ಕಿದ ಮಡಕೆಯನ್ನು ತೊಳೆದು ಷೋಕೇಸಿನಲ್ಲಿ ಇಡಬೇಡಿ. ಬಸದಿಯ ಜೀರ್ಣೋದ್ಧಾರದ ಹುರುಪಿನಲ್ಲಿ ಶಾಸನದ ಮೇಲೆ ಪೇಂಟ್ ಹೊಡೆದ ಹಾಗೆ ಇಲ್ಲೂ ಸಿಮೆಂಟ್ ಮೆತ್ತಬೇಡಿ. ಆಮೇಲೆ ಗ್ರಾಮ ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಲಿಖಿತ ಮನವಿ ಕೊಡಿ. ಸಮಿತಿ ಕಾಗದದಲ್ಲಿ ಮಾತ್ರ ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ಕೇಳಿದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿಯೇ ಮನೆಗೆ ಬನ್ನಿ.