ಕಳೆದುಹೋಗದವರನ್ನು "ಕಂಡುಹಿಡಿಯುವ" ಪ್ರವಾಸಿಗಳು

ಯಾವ ಪ್ರವಾಸದ ಪುಟ ತೆರೆದರೂ ಈಗ ಒಂದೇ ರಾಗ. ಯುರೋಪಿನ ಹಳ್ಳಿಗಳಿಗೆ ಹೋಗಿ, ಅಲ್ಲಿನ "ಆರ್ಟಿಸನ್" ವೈನ್ ತಯಾರಕರನ್ನು ಕಂಡುಹಿಡಿಯಿರಿ! ಅಲ್ಲ ಸ್ವಾಮಿ, ಅವರೇನು ಕಳೆದುಹೋಗಿದ್ದರೇ? ತಲೆಮಾರುಗಳಿಂದ ಅದೇ ತೋಟದಲ್ಲಿದ್ದಾರೆ. ಬಾಟಲಿಯ ಮೇಲೆ ಅವರ ಹೆಸರಿರಲಿಲ್ಲ, ಅಷ್ಟೇ.

ಫ್ರಾನ್ಸಿನ ಶಾಂಪೇನ್ ಪ್ರಾಂತ್ಯವನ್ನೇ ತಗೊಳ್ಳಿ. (ಅಮ್ಮ ಈ ಬ್ಲಾಗ್ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಅಲ್ಲಿ ಸುಮಾರು 34,000 ಹೆಕ್ಟೇರ್ ದ್ರಾಕ್ಷಿತೋಟ, ಸುಮಾರು 16,000 ಬೆಳೆಗಾರರು. ತೋಟದಲ್ಲಿ ಹೆಚ್ಚುಕಮ್ಮಿ ಶೇ. 90 ಪಾಲು ಇವರದ್ದು. ಆದರೆ ಮಾರಾಟದಲ್ಲಿ ಸುಮಾರು ಶೇ. 70 ದೊಡ್ಡ ಕಂಪನಿಗಳದ್ದು! ಬೇರೆಯವರು ತಯಾರಿಸಿ ಬಾಟಲಿಗೆ ತುಂಬಿದ ವೈನನ್ನು ಕೊಂಡು, ತನ್ನ ಲೇಬಲ್ ಅಂಟಿಸಿ ಮಾರುವುದಕ್ಕೂ ಕಂಪನಿಗೆ ಅವಕಾಶವಿದೆ. ನಾವು ಇಲ್ಲಿ ರಾತ್ರಿಯಿಡೀ ಕೂತು ಬರೆದ ಕೋಡ್ ಕ್ಲೈಂಟಿನ ಹೆಸರಲ್ಲಿ ಹೊರಬರುತ್ತದಲ್ಲ, ಹಾಗೇ. ನಮಗಾದರೂ ತಿಂಗಳ ಕೊನೆಗೆ ಸಂಬಳ ಬರುತ್ತದೆ.

ಅವರ ಗತಿ ಏನಾಗಿತ್ತು ಗೊತ್ತೇ? 1910ರಲ್ಲಿ ಬೆಳೆ ಪೂರ್ತಿ ನೆಲಕಚ್ಚಿತು. ಕೆಲವು ವ್ಯಾಪಾರಿಗಳು ಹೊರಪ್ರಾಂತ್ಯದ ಅಗ್ಗದ ಸರಕು ತರಿಸಿ ಶಾಂಪೇನ್ ಎಂದು ಮಾರುತ್ತಿದ್ದರು. 1911ರ ಜನವರಿಯಲ್ಲಿ ಬೆಳೆಗಾರರು ಆ ಸರಕನ್ನು ತಡೆದು ಮಾರ್ನ್ ನದಿಗೆ ಚೆಲ್ಲಿದರು. ಏಪ್ರಿಲ್‌ನಲ್ಲಿ ಆಯ್ ಎಂಬ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳಿಗೆ ಬೆಂಕಿ ಬಿತ್ತು, ಸೈನ್ಯ ಬಂತು. ಪ್ರಾಂತ್ಯದೊಳಗಿನ ದ್ರಾಕ್ಷಿಯೇ ಆಗಬೇಕೆಂಬ ನಿಯಮ ಗಟ್ಟಿಯಾದದ್ದು 1927ರ ಕಾನೂನಿನಿಂದ. "ಮುಗ್ಧ ಹಳ್ಳಿಗರು" ಎಂದು ಬರೆಯುವ ಪುಣ್ಯಾತ್ಮರು ಇದನ್ನೆಲ್ಲ ಓದಿಯೇ ಇಲ್ಲವೇನೋ!

ನಿಜಕ್ಕೂ ಹುಡುಕಬೇಕೆ? ಟೂರ್ ಪ್ಯಾಕೇಜ್ ಬೇಡ, ಭೂತಗನ್ನಡಿ ಸಾಕು. ಪ್ರತಿ ಶಾಂಪೇನ್ ಲೇಬಲ್ಲಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಎರಡಕ್ಷರ ಇರುತ್ತದೆ. 'ಆರ್ ಎಂ' ಎಂದಿದ್ದರೆ ತಾನು ಬೆಳೆದ ದ್ರಾಕ್ಷಿಯಿಂದ ತಾನೇ ವೈನ್ ಮಾಡಿದವನು. 'ಎನ್ ಎಂ' ಎಂದರೆ ದ್ರಾಕ್ಷಿ ಕೊಂಡು ಮಾಡುವ ಕಂಪನಿ. 'ಎಂ ಎ' ಎಂದರೆ ಸೂಪರ್‌ಮಾರ್ಕೆಟ್ ಥರದವರು ಮಾಡಿಸಿಕೊಂಡ ಬರೀ ಬ್ರಾಂಡು. 'ಆರ್ ಸಿ' ಬಗ್ಗೆ ಹುಷಾರು. ಹೆಸರು ರೈತನದ್ದೇ, ಆದರೆ ವೈನ್ ಮಾಡಿದ್ದು ಸಹಕಾರ ಸಂಘ.

'ಆರ್ ಎಂ' ಆದ ಮಾತ್ರಕ್ಕೆ ರುಚಿಯಾಗಿರುತ್ತದೆ ಅಂತಲ್ಲ. ಕಂಪನಿಗಳಲ್ಲೂ ಅದ್ಭುತವಾದದ್ದು ಸಿಗುತ್ತದೆ, ಕೆಟ್ಟ ವೈನ್ ಮಾಡುವ ರೈತರೂ ಇದ್ದಾರೆ. ಆವೀಜ್ ಹಳ್ಳಿಯ ಆನ್ಸೆಲ್ಮ್ ಸೆಲೋಸ್ ಸ್ವಂತ ತೋಟದ ದ್ರಾಕ್ಷಿಯಿಂದಲೇ ಹೆಸರು ಮಾಡಿದವರು. ಈಗ ಅವರ ಮನೆತನದ ಬಾಟಲಿ ಮುಟ್ಟಬೇಕಾದರೆ ನನ್ನಂಥವನು ಲೋನ್ ತೆಗೀಬೇಕು! ನನ್ನ ತಕರಾರು ರುಚಿಯದ್ದಲ್ಲ, ಯಾರು ಮಾಡಿದ್ದು ಎಂಬುದನ್ನು ಮುಚ್ಚಿಡುವುದರದ್ದು. ಬ್ರಾಂಡಿನ ಹೆಸರು ಹೊಳೆಯುವ ಚಿನ್ನದಕ್ಷರದಲ್ಲಿ, ಮಾಡಿದವರ ಸುಳಿವು ಮಾತ್ರ ಇರುವೆ ಗಾತ್ರದಲ್ಲಿ ಯಾಕೆ? ಆ ಎರಡಕ್ಷರವನ್ನೂ ಬ್ರಾಂಡಿನಷ್ಟೇ ದಪ್ಪಗೆ ಅಚ್ಚು ಹಾಕಲಿ ನೋಡೋಣ.