ಮಾವನವರ ಮಾತ್ರೆ

ಬೈಯಪ್ಪನಹಳ್ಳಿಯ ಮೆಟ್ರೋ ನಿಲ್ದಾಣಕ್ಕೆ ಕೂಗಳತೆಯ ಒಂದು ಮನೆ. ಸೊಸೆ ಏಳು ತಿಂಗಳ ಬಸುರಿ. ಕಚೇರಿಯಿಂದ ಹಿಂದಿರುಗುವ ಹೊತ್ತಿಗೆ ಸೊಂಟ ಕಳಚಿ ಬೀಳುವಂಥ ನೋವು. ಮಾವನವರ ಮಂಡಿಯ ಶಸ್ತ್ರಚಿಕಿತ್ಸೆಗೆಂದು ತಂದ ಟ್ರಮಡಾಲ್ ಮಾತ್ರೆಗಳು ಬೀರುವಿನಲ್ಲಿ ಮಿಕ್ಕಿದ್ದವು. “ಒಂದು ನುಂಗಿ ಮಲಗಿಕೊಳ್ಳಮ್ಮ, ಅವರಿಗೆ ಹೂವೆತ್ತಿದ ಹಾಗೆ ಇಳಿಯಿತು” ಎಂದರು ಅತ್ತೆ. ನೋವು ಇಳಿಯಿತು. ಮೂರು ವಾರಗಳಲ್ಲಿ ದಿನಕ್ಕೊಂದು ಎರಡಾಯಿತು. ತಪಾಸಣೆಯ ದಿನ “ಬೇರೆ ಔಷಧವೇನಾದರೂ ಉಂಟೆ?” ಎಂದು ಡಾಕ್ಟರಮ್ಮ ಕೇಳಿದಾಗ ಆಕೆ ಇಲ್ಲವೆಂದಳು.

ನಮ್ಮವರು ಹಬ್ಬಕ್ಕೆ ಪಾಯಸ ಮಾಡುವ ಗಸಗಸೆಯ ಗಿಡವಿದೆಯಲ್ಲ, ಅದರ ಎಳೆಯ ಕಾಯಿಯನ್ನು ಗೀರಿದರೆ ಒಸರುವ ಹಾಲೇ ಅಫೀಮು. ಮಾರ್ಫೀನ್, ಕೊಡೀನ್‌ಗಳು ಅದರಿಂದ ಬಂದವು. ಟ್ರಮಡಾಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಾದರೂ ಗುಣದಲ್ಲಿ ಅದೇ ಕುಲದ್ದು. ೨೦೧೮ರಲ್ಲಿ ಭಾರತ ಸರಕಾರ ಅದನ್ನು ಮಾದಕದ್ರವ್ಯಗಳ ಕಾನೂನಿನ ಹಿಡಿತಕ್ಕೆ ತಂದುದು ಸುಮ್ಮನೆ ಅಲ್ಲ.

ತಾಯಿ ನುಂಗಿದ ಈ ಮದ್ದು ಮಾಸನ್ನು ದಾಟಿ ಕೂಸಿನ ರಕ್ತವನ್ನು ಸೇರುತ್ತದೆ. ದಿನವೂ ಬರುತ್ತಿದ್ದರೆ ಕೂಸೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹೊಕ್ಕುಳ ಬಳ್ಳಿ ಕತ್ತರಿಸಿದೊಡನೆ ಮದ್ದೂ ನಿಲ್ಲುತ್ತದೆ. ಒಂದೆರಡು ದಿನಗಳಲ್ಲಿ ಕೈಕಾಲು ನಡುಕ, ಕೀರಲು ಅಳು, ನಿದ್ದೆಯಿಲ್ಲ, ಮೊಲೆ ಹಿಡಿಯದು. ಇದಕ್ಕೆ ಚಿಕಿತ್ಸೆಯುಂಟು, ತಾಯಿಯ ಅಪ್ಪುಗೆ, ಮಂದ ಬೆಳಕು, ನಿಶ್ಶಬ್ದ ಕೋಣೆ, ಅಷ್ಟರಲ್ಲಿ ಶಮನವಾಗದಿದ್ದರೆ ಕೆಲವೊಮ್ಮೆ ಅದೇ ಮಾರ್ಫೀನಿನ ಅತಿ ಸಣ್ಣ ಪ್ರಮಾಣ. ಆದರೆ ಕಾರಣ ವೈದ್ಯರಿಗೆ ಮೊದಲೇ ತಿಳಿದಿರಬೇಕು. ಹೆರಿಗೆಬೇನೆಗೆಂದು ಆಸ್ಪತ್ರೆಯಲ್ಲಿ ಪೆಥಿಡೀನ್ ಕೊಡುವ ರೂಢಿಯೂ ಉಂಟು. ಅಲ್ಲಿ ಕೂಸಿನ ಉಸಿರಾಟದ ಮೇಲೆ ಕಣ್ಣಿಡುವವರಿರುತ್ತಾರೆ, ಬೀರುವಿನ ಬಳಿ ಯಾರಿರುತ್ತಾರೆ?

ಸಹೋದ್ಯೋಗಿಯೊಬ್ಬಳು ಎಚ್ಚರಿಸಿದಾಗ ಸೊಸೆ ಹೌಹಾರಿ ಮಾತ್ರೆಯನ್ನು ಒಮ್ಮೆಗೇ ಬಿಟ್ಟಳು. ಎರಡನೆಯ ರಾತ್ರಿ ಮೈ ಬೆವರಿ, ಕಾಲು ಸೆಳೆದು, ಹೊಟ್ಟೆ ಹಿಂಡಿತು. ಇದು ಹೆಚ್ಚು ಜನಕ್ಕೆ ತಿಳಿಯದ ಅಪಾಯ. ಒಗ್ಗಿದ ಮೈಯಿಂದ ಈ ಮದ್ದನ್ನು ಥಟ್ಟನೆ ಕಿತ್ತರೆ ಗರ್ಭಕೋಶ ಸಂಕುಚಿಸಿ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ವರ್ಷಗಟ್ಟಲೆ ಚಟಕ್ಕೆ ಸಿಕ್ಕ ಗರ್ಭಿಣಿಗೂ ವೈದ್ಯರು ಬರಿದೆ “ಬಿಡು” ಎನ್ನುವುದಿಲ್ಲ. ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ಅಳತೆಯಲ್ಲಿ ಕೊಟ್ಟು ಕಾಯುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ಕೇಂದ್ರವಿದೆ.

ಬೆಳಗಾಗುತ್ತಲೇ ಅತ್ತೆ ಸೊಸೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆತಂದರು. ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಕೇಳಿದರು. ಸೊಸೆ ಬಾಯಿ ತೆರೆಯಲಿಲ್ಲ. ಅತ್ತೆ ಚೀಲದಿಂದ ಮಾತ್ರೆಯ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟು, “ಕೊಟ್ಟವಳು ನಾನು, ಅವಳನ್ನು ಬಯ್ಯಬೇಡಿ” ಎಂದರು.

ಡಾಕ್ಟರಮ್ಮ ಬಯ್ಯಲಿಲ್ಲ. ಯಾವ ದಿನ ಎಷ್ಟು ಎಂದು ಕೇಳಿ ಬರೆದುಕೊಂಡು, ಮಾತ್ರೆಯನ್ನು ಹಂತಹಂತವಾಗಿ ಇಳಿಸುವ ಪಟ್ಟಿ ಕೊಟ್ಟರು. ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗಬೇಕು; ನೋವು ತಾಳದಿದ್ದರೆ ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಮಾತ್ರ. “ಡೈಕ್ಲೋಫೆನಾಕ್ ಕೊಡಬಹುದೇ?” ಎಂದು ಅತ್ತೆ ವಿಚಾರಿಸಿದರು. ಬಿಡುವುದಾದರೂ ಹೇಗೆ, ಅದೂ ಮನೆಯಲ್ಲಿತ್ತು! ಇಪ್ಪತ್ತು ವಾರ ದಾಟಿದ ಮೇಲೆ ಅದು ಕೂಸಿನ ಮೂತ್ರಪಿಂಡಕ್ಕೆ ಕೆಡುಕೆಂದು ಡಾಕ್ಟರಮ್ಮ ತಡೆದರು. ಆಮೇಲೆ ಸೊಸೆಯ ಹೆರಿಗೆ ಚೀಟಿಯ ಮೇಲೆ ಮಕ್ಕಳ ವೈದ್ಯರ ಗಮನಕ್ಕೆಂದು ಒಂದು ಸಾಲು ಬರೆದು, ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು.