ಹಂಪಿ ಬೇಕು, ಹೊಸಪೇಟೆ ಬೇಡ

ಕನ್ನಡಿಗರು ಕನ್ನಡ ಸಿನಿಮಾ ನೋಡುವುದಿಲ್ಲ ಎಂಬ ಗೊಣಗಾಟ ಗಾಂಧಿನಗರದಲ್ಲಿ ನಿಲ್ಲುವುದೇ ಇಲ್ಲ. 2024ರಲ್ಲಿ ಚಿತ್ರಮಂದಿರಗಳು ಖಾಲಿ ಹೊಡೆದಾಗಲೂ ತಪ್ಪೆಲ್ಲ ಪ್ರೇಕ್ಷಕನದೇ ಆಯಿತು. ಮರುವರ್ಷ ‘ಸು ಫ್ರಮ್ ಸೋ’ ಬಂತು. ದೊಡ್ಡ ಸ್ಟಾರ್ ಇಲ್ಲ; ಕರಾವಳಿಯ ಒಂದು ಊರು, ಅಲ್ಲಿನ ಮಾತು, ಅಲ್ಲಿನ ಕುಚೋದ್ಯ. ಬಯಲುಸೀಮೆಯವರೂ ಟಿಕೆಟ್ ಕೊಂಡು ನಕ್ಕರು. ಕೊರತೆ ಇರುವುದು ಬರವಣಿಗೆಯಲ್ಲಿ.

ನಮ್ಮ ಕಡೆಯನ್ನೇ ನೋಡಿ. ಹಂಪಿಗೆ ಕ್ಯಾಮೆರಾ ಬರುತ್ತಲೇ ಇರುತ್ತದೆ. 2005ರ ‘ದಿ ಮಿಥ್’ಗಾಗಿ ಜಾಕಿ ಚಾನ್ ಕೂಡ ಬಂದುಹೋದರು. ಬಂಡೆ, ಮಂಟಪ, ಒಂದು ಡ್ಯುಯೆಟ್, ಪ್ಯಾಕಪ್. ಪಕ್ಕದ ಹೊಸಪೇಟೆಯಲ್ಲಿ ಒಂದೇ ಅಂಗಡಿ ಮುಂದೆ ಕನ್ನಡ, ತೆಲುಗು, ಉರ್ದು, ಲಂಬಾಣಿ ಕಿವಿಗೆ ಬೀಳುತ್ತವೆ. ಧಾರಾವಾಹಿಯಲ್ಲಿ ಈ ಭಾಗದವನೊಬ್ಬ ಬಂದರೆ ಸಾಲಿಗೊಂದು ‘ರೀ’, ಎರಡು ‘ಲೇ’, ನಗಿಸುವುದೇ ಅವನ ಕೆಲಸ. ಬಳ್ಳಾರಿ ಮಾತು ಬೇರೆ, ಧಾರವಾಡದ ಮಾತು ಬೇರೆ ಎಂದು ಸಂಭಾಷಣೆ ಬರೆಯುವವರಿಗೆ ಯಾರು ಹೇಳಬೇಕು?

ಸಂಡೂರಿನ ಗಣಿಯ ಕಥೆ ಇನ್ನೂ ಬೇಸರದ್ದು. 2010ರ ‘ಪೃಥ್ವಿ’ ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಮುಟ್ಟಿತು. ಆ ಧೈರ್ಯಕ್ಕೆ ನಿರ್ದೇಶಕ ಜೇಕಬ್ ವರ್ಗೀಸ್‌ಗೆ ಮೆಚ್ಚುಗೆ ಸಲ್ಲಬೇಕು. ಆದರೆ ಹೊಡೆದಾಟದ ಹಂಗು ಅದಕ್ಕೂ ತಪ್ಪಲಿಲ್ಲ. ನಿಜದಲ್ಲಿ ಗಣಿಧಣಿಗಳನ್ನು ಅಲುಗಾಡಿಸಿದ್ದು ಕಾಗದಪತ್ರ. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತವರ ತಂಡ ದಾಖಲೆಗಳನ್ನು ತಾಳೆ ಹಾಕಿತು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೊರಬಿತ್ತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು, ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಟ್ಟರು. ಸಾಲದ ಲಾರಿಗಳು ಸಾಲಾಗಿ ನಿಂತವು. ಕಂತು ಕಟ್ಟಲಾಗದ ಲಾರಿ ಮಾಲೀಕ, ಬೆಳೆಗಿಂತ ಅದಿರೇ ವಾಸಿ ಎಂದು ಹೊಲ ಅಗೆಸಿದ ರೈತ: ಇವರು ಹೀರೋನೂ ಅಲ್ಲ, ವಿಲನ್ನೂ ಅಲ್ಲ. ಅಂಥವರನ್ನು ಬರೆಯಲು ಮೈ ಬಗ್ಗಬೇಕು. ಅದರ ಬದಲು ಬಿಳಿ ಅಂಗಿಯ ಧಣಿ, ಬೆನ್ನಿಗೆ ಹತ್ತು ಸುಮೋ ಇಟ್ಟರೆ ಆಯಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಡ್ಯಾಮು ಕಣ್ಣೆದುರೇ ಬರಿದಾಗುತ್ತಿತ್ತು; ಮುಂದಿನ ಬೆಳೆಗೆ ನೀರುಂಟೇ ಎಂದು ರೈತರು ಕಂಗಾಲು, ಕೆಳಗೆ ಕಂಪ್ಲಿ ಕಡೆಯವರಿಗೆ ಹೊಳೆಯದೇ ಭಯ. ತಜ್ಞ ಕನ್ಹಯ್ಯ ನಾಯ್ಡು ನೇತೃತ್ವದಲ್ಲಿ ಕಾರ್ಮಿಕರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು, ಅದೂ ವಾರದೊಳಗೆ. ನಮ್ಮ ಚಿತ್ರಕಥೆಗಾರರ ಕೈಗೆ ಸಿಕ್ಕಿದ್ದರೆ ಹೀರೋ ಚೈನನ್ನು ಹಲ್ಲಿನಲ್ಲಿ ಕಚ್ಚಿ ನೀರಿಗೆ ಹಾರುತ್ತಿದ್ದ.

‘ವಾಸ್ತವ ಬೇಕಾದರೆ ನ್ಯೂಸ್ ಹಾಕ್ಕೊಳ್ಳಿ’ ಎನ್ನುವವರಿದ್ದಾರೆ. ಅವರು ಕಂಪಿಲಿಯ ಕುಮಾರರಾಮನ ಕಥೆ ಕೇಳಲಿ. ಜನಪದರು ಅವನ ಶೌರ್ಯವನ್ನು ಆಕಾಶಕ್ಕೇರಿಸಿದರು. ಆದರೆ ಮಲತಾಯಿಯ ಮೋಹ, ಅವಳ ದೂರನ್ನು ನಂಬಿದ ಅಪ್ಪನ ಆತುರ ಯಾವ ಮನೆಯಲ್ಲಾದರೂ ನಡೆಯಬಹುದಾದದ್ದು. ಉತ್ಪ್ರೇಕ್ಷೆಗೆ ನನ್ನ ತಕರಾರಿಲ್ಲ, ಸುಳ್ಳು ಮನುಷ್ಯರಿಗೆ ಇದೆ. 2006ರಲ್ಲಿ ಶಿವರಾಜ್‌ಕುಮಾರ್ ‘ಗಂಡುಗಲಿ ಕುಮಾರರಾಮ’ನಾದರು; ವೇಷಭೂಷಣಕ್ಕೆ ಸಿಕ್ಕ ಗಮನ ಆ ಮನೆಯ ಸಂಕಟಕ್ಕೆ ಸಿಗಲಿಲ್ಲ.

ನಿರ್ಮಾಪಕರಲ್ಲಿ, ವಾಹಿನಿಯವರಲ್ಲಿ ಒಂದೇ ಮನವಿ. ಹಂಪಿಯಲ್ಲಿ ಚಿತ್ರೀಕರಣಕ್ಕೆ ಅರ್ಜಿ ಹಾಕುವ ಆರು ತಿಂಗಳು ಮೊದಲೇ ಕಥೆ ಬರೆಯುವವರನ್ನು ಹೊಸಪೇಟೆಗೆ ಕಳಿಸಿ. ರೂಮಿನ ಬಾಡಿಗೆಯ ಜೊತೆ ಅವರ ಸಂಬಳವನ್ನೂ ಕೊಡಿ. ಇಲ್ಲವೇ ಇಲ್ಲಿಯವರ ಕೈಗೇ ಪೆನ್ನು ಕೊಡಿ.